ಇಂಡಿಗೊ ಶೇರೋ, ಸ್ಪೈಸ್‌ಜೆಟ್ ಶೇರೋ: ಎರಡನ್ನೂ ಇಟ್ಟುಕೊಂಡು ನೋಡಿದ ಮೇಲೆ

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಇಂಡಿಗೊ. ಕಡಿಮೆ ದರದ ವಿಮಾನ ಕಂಪನಿಯ ಶೇರು ಬೇಕೇ ಬೇಕು ಅನ್ನುವವರಿಗೆ ನಾನು ಬೇರೆ ಹೆಸರು ಹೇಳುವುದಿಲ್ಲ. ಸ್ಪೈಸ್‌ಜೆಟ್‌ನಲ್ಲಿ ದುಡ್ಡು ಹೋಯಿತು ಅಂತ ಹೀಗೆ ಹೇಳುತ್ತಿಲ್ಲ. ನನಗೆ ಎರಡೂ ಲಾಭ ಕೊಟ್ಟಿವೆ. ಅದಕ್ಕೇ ಈ ಹೋಲಿಕೆ ಬರೆಯಬೇಕು ಅನ್ನಿಸಿತು.

ಗದಗಿನಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ದಸರೆಯಿಂದ ಡಿಸೆಂಬರ್‌ವರೆಗೆ ಕ್ಯಾಲೆಂಡರ್ ಕೆಲಸ, ಆಮೇಲೆ ಲಗ್ನಪತ್ರಿಕೆ. ಕೈಯಲ್ಲಿ ನಾಲ್ಕು ಕಾಸು ಉಳಿಯುವುದು ಆಗಲೇ. 2022ರ ದೀಪಾವಳಿ ಹೊತ್ತಿಗೆ ಇಂಡಿಗೊ ಎರಡು ಸಾವಿರದೊಳಗೆ ಸಿಗುತ್ತಿತ್ತು, ಸ್ಪೈಸ್‌ಜೆಟ್ ನಲವತ್ತು ರೂಪಾಯಿ ಆಸುಪಾಸು. ಎರಡಕ್ಕೂ ಸಮಸಮ ದುಡ್ಡು ಹಾಕಿದೆ. 2024ರ ಆರಂಭದಲ್ಲಿ ಸ್ಪೈಸ್‌ಜೆಟ್ ಅರವತ್ತು ದಾಟಿದಾಗ ಪೂರ್ತಿ ಮಾರಿದೆ. ಅಷ್ಟೊತ್ತಿಗೆ ಇಂಡಿಗೊ ಮೂರು ಸಾವಿರ ಮುಟ್ಟಿತ್ತು. ಶೇಕಡಾ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ. ಇಂಡಿಗೊ ಇವತ್ತಿಗೂ ನನ್ನ ಡಿಮ್ಯಾಟ್ (ಶೇರು ಇಡುವ) ಖಾತೆಯಲ್ಲಿದೆ. ಅಂದ ಹಾಗೆ, ಆ್ಯಪ್‌ನಲ್ಲಿ ಹುಡುಕುವಾಗ ಅದರ ಹೆಸರು ಇಂಟರ್‌ಗ್ಲೋಬ್ ಏವಿಯೇಷನ್ ಅಂತ ಬರುತ್ತದೆ.

ಬೇರೆ ಕಂಪನಿ ಇಲ್ವಾ ಅಂತ ಕೇಳುವವರು ಜಾಸ್ತಿ. ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಟಾಟಾದವರ ಕೈಯಲ್ಲಿವೆ, ಅವು ಶೇರುಪೇಟೆಯಲ್ಲಿಲ್ಲ. ಆಕಾಸಾ ಇಲ್ಲ. ನಮ್ಮ ಕಡೆಯವರಿಗೆ ಪರಿಚಯ ಇರುವ ಸ್ಟಾರ್ ಏರ್ ಕೂಡ ಇಲ್ಲ.

ನಾನು ಕೊಳ್ಳುವಾಗ ನಮ್ಮ ಕಾಕಾ ಪ್ರೆಸ್‌ನಲ್ಲೇ ಕೂತಿದ್ದರು. "ಅಲ್ಲೋ ತಮ್ಮಾ, ಇಪ್ಪತ್ತ ಸಾವಿರಕ್ಕ ಇಂಡಿಗೊ ಹತ್ತ ಬರ್ತಾವ, ಸ್ಪೈಸ್ ಐನೂರ ಬರ್ತಾವ. ಐನೂರ ಇದ್ರ ಚಲೋ ಅಲ್ಲೇನು?" ಅಂದರು. ನಾನು ಕಂಡ ಹಾಗೆ ಹುಬ್ಬಳ್ಳಿ, ಧಾರವಾಡ, ಹಾವೇರಿ ಎಲ್ಲಾ ಕಡೆ ಜನ ಸ್ಪೈಸ್‌ಜೆಟ್ ಕೊಳ್ಳುವುದು ಇದೊಂದೇ ಕಾರಣಕ್ಕೆ. ಕಾಕಾಗೆ ನಾನು ಹೇಳಿದ್ದು ಇಷ್ಟೇ: ಒಂದು ಶೇರಿನ ಬೆಲೆ ನೋಡಬೇಡಿ, ಒಟ್ಟು ಎಷ್ಟು ಶೇರು ಇವೆ, ವರ್ಷ ವರ್ಷ ಅವು ಎಷ್ಟು ಹೆಚ್ಚುತ್ತಿವೆ ಅದನ್ನು ನೋಡಿ. ಇಂಡಿಗೊ ಶೇರುಗಳು ಸುಮಾರು 38 ಕೋಟಿ, ಅದು ಹೆಚ್ಚು ಬದಲಾಗಿಲ್ಲ. ಸ್ಪೈಸ್‌ಜೆಟ್ 2023ರಲ್ಲಿ ಕಾರ್ಲೈಲ್ ಏವಿಯೇಷನ್‌ಗೆ ಕೊಡಬೇಕಿದ್ದ ವಿಮಾನದ ಬಾಡಿಗೆ ಬಾಕಿಗೆ ಬದಲಾಗಿ ಶೇರು ಕೊಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಸಂಸ್ಥೆಗಳಿಂದ 3,000 ಕೋಟಿ ರೂಪಾಯಿ ಎತ್ತಿತು, ಶೇರಿಗೆ 61.60 ರೂಪಾಯಿಯಂತೆ. ಭಾಗಾಕಾರ ಮಾಡಿ ನೋಡಿ, ಒಂದೇ ಏಟಿಗೆ 48 ಕೋಟಿಗೂ ಹೆಚ್ಚು ಹೊಸ ಶೇರು. ಮೊದಲಿನಿಂದ ಇಟ್ಟುಕೊಂಡವರ ಪಾಲು ಅಷ್ಟರಮಟ್ಟಿಗೆ ಸಣ್ಣದಾಯಿತು. ಎತ್ತಿದ ದುಡ್ಡಿನಲ್ಲಿ ಸಂಬಳ, ನೌಕರರ ಪಿಎಫ್, ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ (ಟಿಡಿಎಸ್) ಬಾಕಿ ತೀರಿಸುವುದೂ ಒಂದು ದೊಡ್ಡ ಕೆಲಸವಾಗಿತ್ತು.

ಹಾಗಂತ ಸ್ಪೈಸ್‌ಜೆಟ್ ಆಸೆ ಸುಳ್ಳಲ್ಲ. 2014ರ ಡಿಸೆಂಬರ್‌ನಲ್ಲಿ ತೈಲ ಕಂಪನಿಗಳು ಇಂಧನ ಕೊಡುವುದನ್ನು ನಿಲ್ಲಿಸಿ, ವಿಮಾನಗಳು ನೆಲ ಬಿಟ್ಟು ಏಳದಂಥ ಪರಿಸ್ಥಿತಿ ಬಂದಿತ್ತು. ಸ್ಥಾಪಕರಲ್ಲಿ ಒಬ್ಬರಾದ ಅಜಯ್ ಸಿಂಗ್ ವಾಪಸ್ ಬಂದು ಕಂಪನಿ ಎತ್ತಿ ನಿಲ್ಲಿಸಿದರು. ಹದಿನೈದು ರೂಪಾಯಿ ಆಸುಪಾಸು ಇದ್ದ ಶೇರು 2017ರ ಕೊನೆಗೆ ನೂರೈವತ್ತರ ಹತ್ತಿರ ಹೋಯಿತು. ಆಗ ಕೊಂಡವರಿಗೆ ಹತ್ತು ಪಟ್ಟು. ಇನ್ನೊಮ್ಮೆ ಹಾಗೆ ಆಗಬಹುದು ಅಂತ ಕಾಯುವವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಆಮೇಲೆ ಏನೇನಾಯಿತು ನೋಡಿ. 2019ರ ಮಾರ್ಚ್‌ನಲ್ಲಿ ಸ್ಪೈಸ್‌ಜೆಟ್ ಹಾರಿಸುತ್ತಿದ್ದ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ ಹಾರಾಟ ನಿಂತಿತು. ಆಮೇಲೆ ಕೋವಿಡ್. 2022ರ ಮೇನಲ್ಲಿ ಕಂಪ್ಯೂಟರ್ ಕಟ್ಟಿಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ದಾಳಿ, ಅದರಿಂದ ಮಾರ್ಚ್ ತ್ರೈಮಾಸಿಕದ ಲೆಕ್ಕ ಹೊರಗೆ ಬಂದದ್ದು ಆಗಸ್ಟ್ ಕೊನೆಗೆ. ಅದೇ ವರ್ಷ ಜುಲೈನಲ್ಲಿ ವಿಮಾನಯಾನದ ನಿಯಂತ್ರಕ ಡಿಜಿಸಿಎ ಅರ್ಧದಷ್ಟು ವಿಮಾನ ಮಾತ್ರ ಹಾರಿಸಿ ಅಂತ ಆದೇಶ ಮಾಡಿತು.

ಒಂದೊಂದನ್ನೇ ತೆಗೆದುಕೊಂಡರೆ ಎಲ್ಲಾ ಕಂಪನಿಗೂ ಬರುವ ಕಷ್ಟಗಳೇ. ಕೆಟ್ಟ ವರ್ಷ ಬಂದಾಗ ತಡೆದುಕೊಳ್ಳಲು ಗಂಟು ಇದೆಯೋ ಇಲ್ಲವೋ ಅನ್ನುವುದಷ್ಟೇ ಮುಖ್ಯ. ಇಂಡಿಗೊ 2021-22ರಲ್ಲಿ 6,162 ಕೋಟಿ ನಷ್ಟ ಮಾಡಿಕೊಂಡಿತು. ನಷ್ಟ ಅಂದರೆ ಸಣ್ಣದಲ್ಲ. ಆದರೂ ಬದುಕಿತು. 2023-24ರಲ್ಲಿ 8,172 ಕೋಟಿ, 2024-25ರಲ್ಲಿ 7,258 ಕೋಟಿ ಲಾಭ ತೋರಿಸಿತು. ಪ್ರಾಟ್ ಆ್ಯಂಡ್ ವಿಟ್ನಿ ಎಂಜಿನ್ ತೊಂದರೆಯಿಂದ ಎಷ್ಟೋ ವಿಮಾನಗಳನ್ನು ನಿಲ್ಲಿಸಿಟ್ಟುಕೊಂಡೇ ಇದನ್ನು ಮಾಡಿತು. ಅದೇ ಎಂಜಿನ್ ದೂರು ಹೇಳಿಕೊಂಡು ಗೋ ಫಸ್ಟ್ 2023ರ ಮೇನಲ್ಲಿ ಬಾಗಿಲು ಹಾಕಿತು.

ನಮ್ಮ ಊರ ಕಡೆಯವರು ಇದನ್ನು ಬೇಗ ಅರ್ಥ ಮಾಡಿಕೊಳ್ಳಬೇಕು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಮೊದಲ ವಿಮಾನ ಹಾರಿಸಿದ್ದು ಹುಬ್ಬಳ್ಳಿ-ಬೆಂಗಳೂರು ನಡುವೆ. 2006ರಲ್ಲಿ ಅದನ್ನು ನಡೆಸುತ್ತಿದ್ದ ಡೆಕ್ಕನ್ ಏವಿಯೇಷನ್ ಶೇರು ಮೊದಲ ಸಲ 148 ರೂಪಾಯಿಗೆ ಪೇಟೆಗೆ ಬಂದಾಗ ಹೆಮ್ಮೆಯಿಂದ ಹಾಕಿದವರಿದ್ದಾರೆ. ಕಂಪನಿ ಕಿಂಗ್‌ಫಿಶರ್ ಪಾಲಾಯಿತು, ಶೇರಿನ ಹೆಸರೂ ಕಿಂಗ್‌ಫಿಶರ್ ಆಯಿತು, 2012ರ ಅಕ್ಟೋಬರ್‌ನಲ್ಲಿ ವಿಮಾನ ನಿಂತವು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತ ಮೇಲೂ ಅದರ ಶೇರು ವರ್ಷಗಟ್ಟಲೆ ಪೇಟೆಯಲ್ಲಿ ಕೈ ಬದಲಾಯಿಸುತ್ತಲೇ ಇತ್ತು. 'ಅಗ್ಗಕ್ಕೆ ಸಿಗ್ತಾ ಇದೆ' ಅಂತ ಕೊಳ್ಳುವವರು ಆಗಲೂ ಇದ್ದರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಆಸ್ತಿ ಮಾರಿ ಲೆಕ್ಕ ಚುಕ್ತಾ ಮಾಡಿ ಅಂತ ಆದೇಶಿಸಿತು. ಹಾಗೆ ಮಾರಿದಾಗ ಬ್ಯಾಂಕು, ನೌಕರರು, ಸಾಲ ಕೊಟ್ಟವರು ಎಲ್ಲರೂ ಮುಗಿದ ಮೇಲೆ ಶೇರುದಾರನ ಸರದಿ.

ಈಗ ಇಂಡಿಗೊದಲ್ಲಿ ನನಗೆ ತಲೆನೋವು ತರುವ ವಿಷಯ. ಅದು ಡಾಲರ್.

ಮೂರು ತಿಂಗಳಿಗೊಮ್ಮೆ ರಿಸಲ್ಟ್ ಬಂದಾಗ ಇದೇ ಗೋಳು. 2025ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ 2,582 ಕೋಟಿ ನಷ್ಟ ಅಂತ ಬಂತು. ನಮ್ಮ ದೋಸ್ತರ ಗುಂಪಿನಲ್ಲಿ 'ಮಾರಿಬಿಡಿ' ಅಂತ ಮೆಸೇಜ್ ಮೇಲೆ ಮೆಸೇಜ್. ಅದೇ ವರದಿಯಲ್ಲಿ ಕೆಳಗೆ ಇನ್ನೊಂದು ಸಾಲಿತ್ತು: ರೂಪಾಯಿ ಏರಿಳಿತದ ಪರಿಣಾಮ ಬಿಟ್ಟರೆ 104 ಕೋಟಿ ಲಾಭ. ಒಂದೇ ಕಂಪನಿ, ಅದೇ ಮೂರು ತಿಂಗಳು, ಒಂದು ಕಡೆ ಭಾರಿ ನಷ್ಟ, ಇನ್ನೊಂದು ಕಡೆ ಸಣ್ಣ ಲಾಭ. ಯಾವುದನ್ನು ನಂಬುವುದು?

ಇದನ್ನು ನನಗೆ ನಾನೇ ಪ್ರೆಸ್ ಲೆಕ್ಕದಲ್ಲಿ ಬಿಡಿಸಿಕೊಂಡೆ. ಹೊರದೇಶದ ಆಫ್‌ಸೆಟ್ ಮಷಿನ್ ಒಂದನ್ನು ಎಂಟು ವರ್ಷದ ಬಾಡಿಗೆಗೆ ತಂದೆ, ಬಾಡಿಗೆ ಡಾಲರ್‌ನಲ್ಲಿ ಅಂತ ಇಟ್ಟುಕೊಳ್ಳಿ. ಲಗ್ನಪತ್ರಿಕೆ ಗಿರಾಕಿ ಕೊಡುವುದು ರೂಪಾಯಿ. 2019ರಿಂದ ಬಂದ ಲೆಕ್ಕದ ನಿಯಮದಂತೆ, ಮುಂದೆ ಕೊಡಬೇಕಾದ ಅಷ್ಟೂ ವರ್ಷದ ಬಾಡಿಗೆಯನ್ನು ಇವತ್ತೇ ಸಾಲದ ಹಾಗೆ ಪುಸ್ತಕದಲ್ಲಿ ಬರೆಯಬೇಕು. ಮೂರು ತಿಂಗಳ ಕೊನೆಯ ದಿನ ಡಾಲರ್ ಎಷ್ಟಿದೆಯೋ ಆ ದರಕ್ಕೆ ಆ ಸಾಲವನ್ನು ರೂಪಾಯಿಗೆ ತಿರುಗಿಸಬೇಕು. ರೂಪಾಯಿ ಎರಡು ಮೂರು ರೂಪಾಯಿ ಕುಸಿಯಿತು ಅಂದರೆ, ಎಂಟು ವರ್ಷದ ಹೆಚ್ಚುವರಿ ಹೊರೆ ಪೂರ್ತಿ ಈ ಮೂರು ತಿಂಗಳ ನಷ್ಟದಲ್ಲೇ ಕಾಣುತ್ತದೆ. ಆ ದುಡ್ಡು ಇನ್ನೂ ಗಲ್ಲೆಯಿಂದ ಹೋಗಿರುವುದಿಲ್ಲ.

ಇಂಡಿಗೊದ ವಿಮಾನಗಳಲ್ಲಿ ಬಹುಪಾಲು ಬಾಡಿಗೆಯವೇ. ಹಾಗಾಗಿ ಒಂದೊಂದು ರೂಪಾಯಿ ಕುಸಿತಕ್ಕೂ ಲೆಕ್ಕ ಅಲ್ಲಾಡುತ್ತದೆ. 2025ರ ಡಿಸೆಂಬರ್‌ನಲ್ಲಿ ಡಾಲರ್ ತೊಂಬತ್ತು ದಾಟಿತು.

'ಇದು ಬರೀ ಕಾಗದದ ನಷ್ಟ, ಬಿಟ್ಟುಬಿಡಿ' ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಇವತ್ತು ಹೋಗದ ದುಡ್ಡು ನಾಳೆ, ನಾಡಿದ್ದು, ತಿಂಗಳು ತಿಂಗಳು ಹೋಗೇ ಹೋಗುತ್ತದೆ. ರೂಪಾಯಿ ಮತ್ತೆ ಗಟ್ಟಿಯಾದರೆ ಮಾತ್ರ ಉಳಿಯುತ್ತದೆ. ಅದಕ್ಕೇ ನಾನು ಎರಡೂ ಅಂಕಿ ಬರೆದಿಟ್ಟುಕೊಳ್ಳುತ್ತೇನೆ, ನಷ್ಟದ್ದು ಒಂದು, ಡಾಲರ್ ಬಿಟ್ಟದ್ದು ಒಂದು. ಡಾಲರ್ ಬಿಟ್ಟ ಅಂಕಿ ವರ್ಷದ ಕೊನೆಗೆ ಲಾಭದಲ್ಲಿದ್ದರೆ ಇಟ್ಟುಕೊಳ್ಳುತ್ತೇನೆ. ಅದೇ ಮೈನಸ್ ಆಗತೊಡಗಿದರೆ ಆಗ ಯೋಚನೆ ಮಾಡಬೇಕು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕ ಒಂದನ್ನೇ ನೋಡಿ ಗಾಬರಿಯಾಗಬಾರದು, ಮಳೆಗಾಲದಲ್ಲಿ ಪ್ರಯಾಣಿಕರು ಯಾವತ್ತೂ ಕಡಿಮೆಯೇ. ಸ್ಪೈಸ್‌ಜೆಟ್‌ಗೂ ಡಾಲರ್ ಹೊರೆ ಇದೆ. ಅಲ್ಲಿ ಬಾಡಿಗೆ ಕೊಟ್ಟಿಲ್ಲ ಅಂತ ವಿಮಾನದ ಮಾಲೀಕರು ಕೋರ್ಟ್‌ಗೆ ಹೋದ ಸುದ್ದಿಯೇ ಹೆಚ್ಚು, ಹಾಗಾಗಿ ಈ ಸೂಕ್ಷ್ಮದವರೆಗೆ ಮಾತು ಬರುವುದೇ ಇಲ್ಲ.

2025ರ ಡಿಸೆಂಬರ್‌ನ ಇನ್ನೊಂದು ಪೆಟ್ಟು ಎಲ್ಲರಿಗೂ ನೆನಪಿದೆ. ಪೈಲಟ್‌ಗಳ ಡ್ಯೂಟಿಯ ಹೊಸ ನಿಯಮದಲ್ಲಿ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಹೊತ್ತು ವಿಮಾನ ಇಳಿಸುವ ಮಿತಿ ಆರರಿಂದ ಎರಡಕ್ಕೆ ಬಂತು. ಇಂಡಿಗೊ ತಯಾರಾಗಿರಲಿಲ್ಲ. ಸಾವಿರಾರು ವಿಮಾನ ರದ್ದಾದವು. ಹುಬ್ಬಳ್ಳಿಯ ಒಂದು ಆರತಕ್ಷತೆಗೆ ವಧೂವರರೇ ಬರಲಾಗದೆ, ವಿಡಿಯೊದಲ್ಲಿ ಕೂತು ಆಶೀರ್ವಾದ ತೆಗೆದುಕೊಂಡದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಸರ್ಕಾರ ಟಿಕೆಟ್ ದರಕ್ಕೆ ಮಿತಿ ಹಾಕಿತು, ಇಂಡಿಗೊದ ವಿಮಾನಗಳನ್ನು ಶೇಕಡಾ 10ರಷ್ಟು ಕಡಿಮೆ ಮಾಡಿಸಿತು. ಆರು ಸಾವಿರದ ಹತ್ತಿರ ಇದ್ದ ಶೇರು ಐದು ಸಾವಿರದ ಕೆಳಗೆ ಬಂತು. ಪ್ರಯಾಣಿಕರಿಗೆ ಆದದ್ದು ಅನ್ಯಾಯವೇ, ಶೇರು ಇದೆ ಅಂತ ಅದನ್ನು ಮುಚ್ಚಿಹಾಕಲಾರೆ. ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಒಂದೇ ಕಂಪನಿಯಲ್ಲಿ ಹೋಗುತ್ತಾರೆ ಅಂದಮೇಲೆ, ಅದರ ಮೇಲೆ ಸರ್ಕಾರದ ಕಣ್ಣು ಇದ್ದೇ ಇರುತ್ತದೆ. ಇಂಡಿಗೊ ಶೇರು ಕೊಳ್ಳುವವರು ಡಾಲರ್ ಜೊತೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಉಳಿದದ್ದು ಚುಟುಕಾಗಿ. ಡಿವಿಡೆಂಡ್ (ಲಾಭದಲ್ಲಿ ಶೇರುದಾರರಿಗೆ ಹಂಚುವ ಪಾಲು): ಇಂಡಿಗೊ 2024-25ಕ್ಕೆ ಶೇರಿಗೆ 10 ರೂಪಾಯಿ ಕೊಟ್ಟಿತು, ಅದನ್ನು ನಂಬಿ ಯಾರೂ ಕೊಳ್ಳುವುದಿಲ್ಲ. ವ್ಯವಹಾರದ ಜಾಗ: ಸ್ಪೈಸ್‌ಜೆಟ್ ಮುಂಬೈ ಶೇರುಪೇಟೆ ಬಿಎಸ್‌ಇಯಲ್ಲಿ ಮಾತ್ರ. ನನ್ನ ಬ್ರೋಕರ್ ಆ್ಯಪ್ ಇನ್ನೊಂದು ಪೇಟೆಯಾದ ಎನ್‌ಎಸ್‌ಇಯನ್ನೇ ಮೊದಲು ತೋರಿಸುವುದರಿಂದ ಪ್ರತಿ ಸಲ ಹುಡುಕಬೇಕಿತ್ತು. ಇಂಧನ: ವಿಮಾನದ ಇಂಧನದ ದರ ಪ್ರತಿ ತಿಂಗಳ ಒಂದನೇ ತಾರೀಕು ಬದಲಾಗುತ್ತದೆ, ಎರಡೂ ಕಂಪನಿಗೆ ಒಂದೇ ಬರೆ. ಪಾಲು ಮಾರಾಟ: ಇಂಡಿಗೊ ಸ್ಥಾಪಕರಲ್ಲಿ ಒಬ್ಬರಾದ ರಾಕೇಶ್ ಗಂಗ್ವಾಲ್ 2022ರ ಫೆಬ್ರುವರಿಯಲ್ಲಿ ಆಡಳಿತ ಮಂಡಳಿ ಬಿಟ್ಟು, ಐದು ವರ್ಷದಲ್ಲಿ ಪಾಲು ಇಳಿಸುತ್ತೇನೆ ಅಂದಿದ್ದರು. ಅವರ ಕುಟುಂಬ ದೊಡ್ಡ ಗಂಟು ಮಾರಿದ ದಿನ ಶೇರು ಸ್ವಲ್ಪ ಜಗ್ಗಿದರೆ, ನಾನು ಒಂದೆರಡು ಕೊಳ್ಳುವುದು ಅಂಥ ದಿನವೇ.

ಇನ್ನು ನನಗೆ ಇಂಡಿಗೊ ಯಾಕೆ ಒಗ್ಗಿತು ಅಂದರೆ, ನನ್ನ ಕೆಲಸದ ರೀತಿಯೇ ಹಾಗಿದೆ. ಮಾರುಕಟ್ಟೆ ತೆರೆದಿರುವ ಹೊತ್ತಿನಲ್ಲಿ ನಾನು ಮಷಿನ್ ಮುಂದೆ ಇರುತ್ತೇನೆ. ಬೆರಳಿಗೆಲ್ಲ ಮಸಿ. ಫೋನ್ ಮುಟ್ಟಬೇಕಾದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿ, ಸಾಬೂನು ಹಚ್ಚಿ ತೊಳೆಯಬೇಕು. ಸ್ಪೈಸ್‌ಜೆಟ್ ಇದ್ದಷ್ಟು ಕಾಲ ದಿನಕ್ಕೆ ಎಷ್ಟೋ ಸಲ ಹೀಗೆ ಕೈ ತೊಳೆದಿದ್ದೇನೆ. ಬೆಳಿಗ್ಗೆ ಒಂದು ಸುದ್ದಿ, ಮಧ್ಯಾಹ್ನ ಇನ್ನೊಂದು. ಇಂಥ ಶೇರು ಲೋವರ್ ಸರ್ಕ್ಯೂಟ್‌ಗೆ, ಅಂದರೆ ಒಂದು ದಿನಕ್ಕೆ ಇಳಿಯಬಹುದಾದ ಕೊನೆಯ ಮಿತಿಗೆ ಬಿದ್ದರೆ ಮಾರಬೇಕು ಅಂದರೂ ಕೊಳ್ಳುವವನೇ ಸಿಗುವುದಿಲ್ಲ. ಲಾಭ ಒಂದೇ ಬಂತು ನಿಜ, ಆದರೆ ಒಂದಕ್ಕೆ ನನ್ನ ದಿನದ ಕೆಲಸ ಕೆಡುತ್ತಿತ್ತು, ಇನ್ನೊಂದಕ್ಕೆ ಮೂರು ತಿಂಗಳಿಗೊಮ್ಮೆ ಒಂದು ಸಂಜೆ ಕೂತರೆ ಸಾಕು.

ಇಡೀ ದಿನ ಪರದೆ ಮುಂದೆ ಕೂರುವವರು, ಹೋದರೆ ಹೋಗಲಿ ಅನ್ನುವಷ್ಟು ದುಡ್ಡು ಬೇರೆ ಇಟ್ಟುಕೊಂಡವರು ಸ್ಪೈಸ್‌ಜೆಟ್ ಆಡಿಸಬಹುದು. ಆಷಾಢದಲ್ಲಿ ಕೆಲಸ ನಿಂತರೆ ಮನೆಖರ್ಚಿಗೆ ಉಳಿತಾಯಕ್ಕೇ ಕೈ ಹಾಕುವ ನನ್ನಂಥವರಿಗೆ ಅದಲ್ಲ. ಇಂಡಿಗೊವನ್ನೂ ಒಟ್ಟು ಉಳಿತಾಯದ ಹತ್ತನೇ ಒಂದು ಭಾಗ ದಾಟಲು ನಾನು ಬಿಡುವುದಿಲ್ಲ. ವಿಮಾನದ ಧಂದೆ ಅದಕ್ಕಿಂತ ಹೆಚ್ಚಿನ ನಂಬಿಕೆಗೆ ಲಾಯಕ್ಕಲ್ಲ.

ತಿಂಗಳಿಗೆ ಒಂದೆರಡು ಸಾವಿರ ಮಾತ್ರ ಉಳಿಸುವವರಿಗೆ ಇಂಡಿಗೊದ ಒಂದು ಶೇರೂ ದುಬಾರಿ, ಅರ್ಧ ಶೇರು ಕೊಳ್ಳಲು ನಮ್ಮಲ್ಲಿ ಬರುವುದಿಲ್ಲ. ಅಂಥವರು ಬೇಸರ ಮಾಡಿಕೊಂಡು ಸ್ಪೈಸ್‌ಜೆಟ್ ಕಡೆ ಹೋಗುವ ಅಗತ್ಯ ಇಲ್ಲ. 2025ರ ಸೆಪ್ಟೆಂಬರ್ ಕೊನೆಯಿಂದ ಇಂಡಿಗೊ ಎನ್‌ಎಸ್‌ಇಯ ಐವತ್ತು ದೊಡ್ಡ ಕಂಪನಿಗಳ ಪಟ್ಟಿಯಾದ ನಿಫ್ಟಿ 50ರಲ್ಲಿದೆ. ಆ ಪಟ್ಟಿಯನ್ನೇ ಕೊಳ್ಳುವ ನಿಫ್ಟಿ ಇಂಡೆಕ್ಸ್ ಫಂಡ್‌ಗೆ ಎಸ್‌ಐಪಿ (ತಿಂಗಳು ತಿಂಗಳು ಕಂತು) ಹಾಕಿದರೆ ಉಳಿದ ನಲವತ್ತೊಂಬತ್ತು ಕಂಪನಿಗಳ ಜೊತೆ ಇದರ ಒಂದು ಚೂರೂ ಬರುತ್ತದೆ. ನನ್ನ ತಂಗಿಗೆ ನಾನು ಹೇಳಿದ್ದೂ ಅದೇ, ಅವಳು ಹಾಗೇ ಮಾಡುತ್ತಿದ್ದಾಳೆ.

ಸ್ಪೈಸ್‌ಜೆಟ್‌ಗೆ ನಾನು ಮತ್ತೆ ಹೋಗಬೇಕಾದರೆ ಎರಡು ಕಾಣಬೇಕು. ಸಂಬಳ, ಪಿಎಫ್, ಟಿಡಿಎಸ್ ಯಾವುದೂ ಬಾಕಿ ಇಲ್ಲದ ಒಂದು ಪೂರ್ತಿ ವರ್ಷ. ಮತ್ತೆ ಹೊಸ ಶೇರು ಹೊರಡಿಸದೆ, ಬರೀ ಟಿಕೆಟ್ ಮಾರಿ ಬಂದ ದುಡ್ಡಿನಲ್ಲಿ ವಿಮಾನದ ಬಾಡಿಗೆ ಕಟ್ಟಿದ ಲೆಕ್ಕ. ಅಷ್ಟು ಕಂಡ ದಿನ ಬೆಲೆ ನಲವತ್ತಿರಲಿ, ಎಂಬತ್ತಿರಲಿ, ಕೊಳ್ಳಲು ನಾನು ತಯಾರು.