ಗಂಟಲು ಕ್ಯಾನ್ಸರ್: ರೇಡಿಯೇಷನ್ ಜೊತೆ ಸಿಸ್ಪ್ಲಾಟಿನ್ನೋ, ಸೆಟುಕ್ಸಿಮ್ಯಾಬೋ?

ಗಂಟಲು ಕ್ಯಾನ್ಸರ್‌ಗೆ ರೇಡಿಯೇಷನ್ ಜೊತೆ ಕೀಮೋ ಔಷಧ ಸಿಸ್ಪ್ಲಾಟಿನ್ ಒಳ್ಳೆಯದೋ, ಸೆಟುಕ್ಸಿಮ್ಯಾಬ್ ಎಂಬ ಔಷಧವೋ ಎಂದು ರಾಯಚೂರಿನ ತಂಗಿಯೊಬ್ಬಳು ತನ್ನ ಅಪ್ಪಾಜಿಗಾಗಿ ಕೇಳಿದ್ದಾಳೆ. ನೋಡವ್ವಾ, ರೇಡಿಯೇಷನ್ ಎರಡರಲ್ಲೂ ಒಂದೇ: ವಾರಕ್ಕೆ 5 ದಿನ, ಸುಮಾರು 7 ವಾರ. ಬಾಯಿಹುಣ್ಣು, ನುಂಗುವ ಕಷ್ಟವೂ ಎರಡರಲ್ಲೂ ತಪ್ಪಿದ್ದಲ್ಲ.

ಸೆಟುಕ್ಸಿಮ್ಯಾಬ್ ಗಡ್ಡೆಯ ಜೀವಕೋಶದ ಇಜಿಎಫ್‌ಆರ್ (ಬೆಳೆಯೆಂದು ಕೋಶಕ್ಕೆ ಸೂಚನೆ ಕೊಡುವ ಪ್ರೋಟೀನ್) ಅನ್ನೇ ಗುರಿಯಿಟ್ಟು ತಡೆಯುತ್ತದೆ. ಬರೀ ರೇಡಿಯೇಷನ್‌ಗಿಂತ ಇದನ್ನೂ ಸೇರಿಸಿ ಕೊಡುವುದು ಮೇಲು ಎಂದು 2006ರ ಅಧ್ಯಯನ ತೋರಿಸಿತು. ಆದರೆ ಎಚ್‌ಪಿವಿ ಎಂಬ ವೈರಸ್‌ನಿಂದ ಬಂದ ಗಂಟಲು ಕ್ಯಾನ್ಸರ್‌ನಲ್ಲಿ ಎರಡನ್ನೂ ಎದುರುಬದುರು ಇಟ್ಟಾಗ ಸಿಸ್ಪ್ಲಾಟಿನ್ ಪಡೆದವರೇ ಹೆಚ್ಚು ಉಳಿದರು. ‘ಟಾರ್ಗೆಟೆಡ್’ ಎಂಬ ಹೆಸರಿಗೆ ಮರುಳಾಗಬೇಡ.

ಸಿಸ್ಪ್ಲಾಟಿನ್ ಕಿಡ್ನಿ, ಕಿವಿಗೆ ಪೆಟ್ಟು ಕೊಡಬಹುದು, ವಾಂತಿಯೂ ಜಾಸ್ತಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಮೈಯ ನೀರು ಆರಿದರೆ ಕಿಡ್ನಿಗೆ ಇನ್ನೂ ಅಪಾಯ, ಅದಕ್ಕೇ ಸಲೈನ್ ಏರಿಸುತ್ತಾರೆ. ಸೆಟುಕ್ಸಿಮ್ಯಾಬ್‌ಗೆ ಮುಖ, ಎದೆ ಮೇಲೆ ಮೊಡವೆಯಂಥ ಗುಳ್ಳೆ. ಕೆಲವರಿಗೆ ಮೊದಲ ಡೋಸ್‌ಗೇ ತೀವ್ರ ಅಲರ್ಜಿ.

ಖರ್ಚಿನಲ್ಲಿ ಸಿಸ್ಪ್ಲಾಟಿನ್ ಅಗ್ಗ, ಸೆಟುಕ್ಸಿಮ್ಯಾಬ್ ವಾರವಾರವೂ ದುಬಾರಿ.

ಕಿಡ್ನಿ, ಕಿವಿ ಗಟ್ಟಿಯಿದ್ದು ಅಪ್ಪಾಜಿ ಓಡಾಡಿಕೊಂಡಿದ್ದರೆ ನಾನಂತೂ ಸಿಸ್ಪ್ಲಾಟಿನ್ ಬಗ್ಗೆ ಮೊದಲು ಕೇಳುವೆ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದರೆ (ಕಿಡ್ನಿ ಸೋತಿರುವ ಸೂಚನೆ), ಕಿವಿ ಮಂದವಿದ್ದರೆ ಸೆಟುಕ್ಸಿಮ್ಯಾಬ್ ಮಾತು ಬರುತ್ತದೆ. ಆಗ ಡೋಸಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧ ಆಗುತ್ತದಾ ಎಂದೂ ಡಾಕ್ಟರನ್ನು ವಿಚಾರಿಸು. ಸಿಸ್ಪ್ಲಾಟಿನ್ ತಡೆಯದವರಿಗೆ ಅದನ್ನು ಮುಂಬೈನ ಟಾಟಾ ಆಸ್ಪತ್ರೆಯಲ್ಲಿ ಪರೀಕ್ಷಿಸಿದ್ದಾರೆ, ಬೆಲೆಯೂ ಕಡಿಮೆ.