ಮೆಟಾಲ್ ಪುಡಿಗೆ ಬರಿಗೈ ಹಾಕಬೇಡಿ

ಕಪ್ಪು-ಬಿಳುಪು ಫಿಲ್ಮ್‌ಗೆ ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ನೀವೇ ಬೆರೆಸಿಕೊಳ್ಳುತ್ತಿದ್ದರೆ ಇದನ್ನು ಓದಿಯೇ ಮುಂದೆ ಹೋಗಿ. ಮೆಟಾಲ್ ಅಂದರೆ ಲೋಹವಲ್ಲ, ಆ ದ್ರಾವಣಕ್ಕೆ ಹಾಕುವ ಒಂದು ರಾಸಾಯನಿಕ. ಎರಡು ವರ್ಷ ನಾನು ಬರಿಗೈಯಲ್ಲೇ ಈ ಕೆಲಸ ಮಾಡಿದೆ. ಟ್ರೇಯಲ್ಲಿದ್ದ ಪ್ರಿಂಟನ್ನು ಬೆರಳಿಂದಲೇ ಮಗುಚುತ್ತಿದ್ದೆ. ಉರಿಯಿಲ್ಲ, ತುರಿಕೆಯಿಲ್ಲ. ಅದರಿಂದಲೇ ಮೋಸಹೋದೆ.

ಮೂರನೇ ವರ್ಷ ಬೆರಳ ಸಂದಿಯಲ್ಲಿ ನವೆ ಶುರುವಾಯಿತು. ಸೋಪು ಆಗಿಬರುತ್ತಿಲ್ಲ ಅಂದುಕೊಂಡು ಸೋಪು ಬದಲಿಸಿದೆ. ಆಮೇಲೆ ಸಣ್ಣ ನೀರುಗುಳ್ಳೆ ಎದ್ದು, ಒಡೆದು, ಚರ್ಮ ಬಿರುಕುಬಿಟ್ಟಿತು. ಮೂರು ವಾರ ಡಾರ್ಕ್‌ರೂಮಿಗೆ ಕಾಲಿಡಲಿಲ್ಲ, ಪೂರ್ತಿ ವಾಸಿಯಾಯಿತು. ಮತ್ತೆ ಹೋಗಿ ಒಂದೇ ರೋಲ್ ತೊಳೆದೆ. ಮರುದಿನ ಅಂಗೈ ಊದಿಕೊಂಡಿತ್ತು. ಚರ್ಮದ ವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡಿದರು. ಮೆಟಾಲ್ ಹಚ್ಚಿದ ಜಾಗ ಮಾತ್ರ ಕೆಂಪಗಾಗಿತ್ತು.

ಇದು ಆಸಿಡ್ ಸುಟ್ಟ ಹಾಗಲ್ಲ. ಮೆಟಾಲ್ ಸದ್ದಿಲ್ಲದೆ ಚರ್ಮಕ್ಕೆ ಇಳಿದು, ಮೈಯ ರೋಗನಿರೋಧಕ ವ್ಯವಸ್ಥೆಗೆ ತನ್ನ ಗುರುತು ಹಿಡಿಸಿಬಿಡುತ್ತದೆ. ಒಮ್ಮೆ ಗುರುತು ಸಿಕ್ಕಿತೋ, ಆಮೇಲೆ ಚೂರೇ ಚೂರು ತಾಗಿದರೂ ಸಾಕು. ಸಾಮಾನ್ಯವಾಗಿ ಈ ಅಲರ್ಜಿ ಬಂದರೆ ಬಂದದ್ದೇ, ಹೋಗುವುದಿಲ್ಲ.

ಹಾಗಂತ ಮೆಟಾಲ್ ಕೆಟ್ಟ ಸರಕಲ್ಲ. 1891ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಅದಕ್ಕೆ ಬೇಡಿಕೆ ಇರುವುದು ಸುಮ್ಮನೆ ಅಲ್ಲ. ಹೆಸರುವಾಸಿ ಡಿ-76 ಡೆವಲಪರ್ ಸೂತ್ರವನ್ನೇ ನೋಡಿ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಹೈಡ್ರೋಕ್ವಿನೋನ್ ಕೂಡ ಚಿತ್ರ ಮೂಡಿಸುವ ರಾಸಾಯನಿಕವೇ, ಆದರೆ ಬೋರಾಕ್ಸ್‌ನಂಥ ಸೌಮ್ಯ ಕ್ಷಾರದಲ್ಲಿ ಅದು ಒಂಟಿಯಾಗಿ ಏನೂ ಕಿಸಿಯುವುದಿಲ್ಲ. ಮೆಟಾಲ್ ಜೊತೆಗಿದ್ದರೆ ಎರಡೂ ಸೇರಿ ಬೇರೆ ಬೇರೆಯಾಗಿ ಮಾಡುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಸಲ್ಫೈಟ್ ಗಾಢವಾಗಿರುವ ನೀರಲ್ಲಿ ಮೆಟಾಲ್ ಸರಿಯಾಗಿ ಕರಗದು, ಅದಕ್ಕೇ ಅದನ್ನು ಮೊದಲು ಹಾಕುವುದು. ನಾನೋ ಆತುರಕ್ಕೆ ಕ್ರಮ ತಪ್ಪಿಸಿ, ಕಟ್ಟಿಕೊಂಡ ಗಂಟುಗಳನ್ನು ಬೆರಳಲ್ಲಿ ಹಿಸುಕುತ್ತಿದ್ದೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಪುಡಿ ತೂಗುವಾಗಲೂ ನೈಟ್ರೈಲ್ ಗ್ಲೌಸ್ ಇರಲಿ, ಮುಖಕ್ಕೆ ಮಾಸ್ಕ್ ಇರಲಿ, ಫ್ಯಾನ್ ಆರಿಸಿರಲಿ. ಹಾರಿದ ಧೂಳು ಮೇಜಿನ ಮೇಲೆ, ಬಾಗಿಲ ಹಿಡಿಯ ಮೇಲೆ ಕೂತಿರುತ್ತದೆ. ಗ್ಲೌಸ್ ಹಾಕಿಯೂ ನನಗೆ ಒಮ್ಮೆ ತುರಿಕೆ ಎದ್ದದ್ದು ಒರೆಸದೆ ಬಿಟ್ಟಿದ್ದ ತಕ್ಕಡಿಯಿಂದ. ಪ್ರಿಂಟ್ ಎತ್ತಲು ಚಿಮಟ ಬಳಸಿ.

ನಾನೀಗ ಮೆಟಾಲ್ ಬದಲಿಗೆ ಫೆನಿಡೋನ್ ಎಂಬ ರಾಸಾಯನಿಕ ಇರುವ ಡೆವಲಪರಿಗೆ ಬದಲಾಗಿದ್ದೇನೆ. ಅದರಿಂದ ಅಲರ್ಜಿ ಅಪರೂಪ, ಮೆಟಾಲ್‌ನ ಹತ್ತನೇ ಒಂದು ಪಾಲಿನಷ್ಟು ಹಾಕಿದರೂ ನಡೆಯುತ್ತದೆ. ಆದರೂ ಗ್ಲೌಸ್ ಬಿಟ್ಟಿಲ್ಲ.

ಉಳಿದ ಮೆಟಾಲ್ ಡಬ್ಬಿ ಹಾಗೇ ಇದೆ. ಜಲಚರಗಳಿಗೆ ಅದು ತೀರಾ ವಿಷ, ಸಿಂಕಿಗೆ ಸುರಿಯುವಂತಿಲ್ಲ. ನೋಡಲು ಉಪ್ಪಿನ ಪುಡಿಯಂತಿರುವ ಕಾರಣ ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಬೀಗದೊಳಗೆ ಇಟ್ಟಿದ್ದೇನೆ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸುವವರೆಗೆ.