ಅಗ್ಗದ್ದಾ, ಕಾರ್ಬನ್ನಾ, ಕಂಪನಿದಾ? ಎಸಿ ಫಿಲ್ಟರ್ ಮೂರೂ ಹಾಕ್ ನೋಡ್ದೆ

ನಮ್ಮದು 2016ರ ಗ್ರ್ಯಾಂಡ್ ಐ10 ಕಾರು. ದಿನಾ ಮಂಡ್ಯದಿಂದ ಪಾಂಡವಪುರಕ್ಕೆ ಹೋಗ್ಬರೋದು, ದಾರಿ ಉದ್ದಕ್ಕೂ ಆಲೆಮನೆ ಹೊಗೆ, ಕಬ್ಬಿನ ಟ್ರ್ಯಾಕ್ಟರ್ ಧೂಳು, ಸುಗ್ಗಿ ಬಂದ್ರೆ ರೋಡ್ ಮೇಲೇ ಹುರುಳಿ ಹರಡಿರ್ತಾರಲ್ಲ ಅದ್ರ ಮೇಲೆ ಹತ್ತಿಸ್ಕೊಂಡೇ ಹೋಗ್ಬೇಕು, ಆ ಹೊಟ್ಟೆಲ್ಲಾ ಮುಂದಿನ ಗ್ಲಾಸ್ ಕೆಳಗಿನ ಜಾಲರೀಲಿ ಕೂತ್ಕೊಳುತ್ತೆ, ಹೊರಗಿನ ಗಾಳಿ ಒಳಗೆ ಬರೋದೂ ಅಲ್ಲಿಂದಾನೇ, ಆ ಗಾಳೀನ ಸೋಸೋದೇ ಈ ಎಸಿ ಫಿಲ್ಟರ್.

ಈ ಸಲ ಬ್ಲೋವರ್ ಫುಲ್ ಇಟ್ರೂ ಬರೀ ಸದ್ದು, ಗಾಳಿ ಇಲ್ಲ. ಎಸಿ ಗ್ಯಾಸ್ ಹೋಗಿದೆ ಅಂತ ತುಂಬ್ಸೋಕೆ ಹೊರಟಿದ್ದೆ, ನಮ್ಮ ಭಾವ "ಮೊದ್ಲು ಫಿಲ್ಟರ್ ಬಿಚ್ಚಿ ನೋಡಪ್ಪ, ಆಮೇಲೆ ದುಡ್ಡು ಸುರಿಯೋವಂತೆ" ಅಂದ್ರು. ಗ್ಲೋವ್ ಬಾಕ್ಸ್ ಒಳಗೆ ಎರಡೂ ಕಡೆ ಸ್ಟಾಪರ್ ಇದಾವೆ, ತೆಗೆದ್ರೆ ಬಾಕ್ಸ್ ಜೋತು ಬೀಳುತ್ತೆ, ಅದ್ರ ಹಿಂದೆ ಒಂದು ಪ್ಲಾಸ್ಟಿಕ್ ಮುಚ್ಚಳ, ಅಷ್ಟೇ. ಫಿಲ್ಟರ್ ಎಳೆದ್ರೆ ಮಡಿಕೆ ಮಡಿಕೇಲೂ ಹುರುಳಿ ಹೊಟ್ಟು, ಒಣಗಿದ ಹೊಂಗೆ ಹೂವು, ಒಂದು ಮೂಲೇಲಿ ಇಲಿ ಕಡಿದ ತೂತು! ಇದನ್ನ ಇಟ್ಕೊಂಡು ಒಂದು ವರ್ಷ ಉಸಿರಾಡಿದೀವಿ.

ಮೊದ್ಲು ಪಂಚರ್ ಅಂಗಡೀಲಿ 20 ರೂಪಾಯಿ ಕೊಟ್ಟು ಏರ್ ಹೊಡ್ಸಿದ್ದೂ ಆಯ್ತು. ಹೊಟ್ಟು ಹೋಯ್ತು, ಬಣ್ಣ ಮಣ್ಣಿನ ಬಣ್ಣವೇ ಉಳೀತು, ತೂತಂತೂ ಎಲ್ಲಿ ಹೋಗುತ್ತೆ.

ಆಮೇಲೆ ಆನ್‌ಲೈನಲ್ಲಿ ಎರಡಕ್ಕೆ 299 ಅಂತ ಒಂದು ಜೋಡಿ ತರಿಸ್ದೆ. ಗಾಳಿ ಏನ್ ಬಂತು ಅಂತೀರಾ, ಹೊಸ ಗಾಡಿ ಥರ! ಖುಷಿ ಹದಿನೈದು ದಿನ ಇತ್ತು. ವೆಂಟ್ ರೆಕ್ಕೆ ಮೇಲೆ ಬಿಳಿ ಬಟ್ಟೇಲಿ ಒರೆಸಿದ್ರೆ ಕೆಂಪು ಧೂಳು. ಯಾಕಪ್ಪ ಅಂತ ಮತ್ತೆ ಬಿಚ್ಚಿದ್ರೆ, ಫ್ರೇಮ್ ರಟ್ಟಿಗಿಂತ ಮೆತ್ತಗೆ, ನಡೂವೆ ಬಗ್ಗಿ ಪಕ್ಕದಲ್ಲಿ ಕಿರುಬೆರಳು ತೂರೋಷ್ಟು ಸಂದು. ಗಾಳಿ ಜೋರಾಗಿ ಬರ್ತಿದ್ದಿದ್ದು ಫಿಲ್ಟರ್ ಒಳಗಿಂದ ಅಲ್ಲ, ಪಕ್ಕದಿಂದ. ಹಳೇದ್ರ ಜೊತೆ ಇಟ್ಟು ಮಡಿಕೆ ಎಣಿಸ್ದೆ, ಹಳೇದ್ರಲ್ಲಿ ಇದ್ದಿದ್ದಕ್ಕಿಂತ ಆರು ಕಮ್ಮಿ.

ಎರಡನೇದು ಕಾರ್ಬನ್, 450 ಆಯ್ತು. ಕಪ್ಪಗೆ ಇರುತ್ತೆ, ಫ್ರೇಮ್ ಗಟ್ಟಿ, ಸರಿಯಾಗಿ ಕೂತ್ಕೊಳ್ತು. ಇದ್ರ ಮಜಾ ಗೊತ್ತಾಗಿದ್ದು ಆಲೆಮನೆ ಹತ್ರ, ಮುಂಚೆ ಕಿಟಕಿ ಮುಚ್ಚಿದ್ರೂ ಹೊಗೆ ವಾಸನೆ ಬಂದೇ ಬರೋದು, ಈಗ ಇಲ್ಲವೇ ಇಲ್ಲ ಅನ್ನೋ ಹಂಗೆ. ಗಾಳಿ ಮಾತ್ರ ಒಂದು ಪಾಯಿಂಟ್ ಕಮ್ಮಿ, 2ರಲ್ಲಿ ಇಡ್ತಿದ್ದೋನು 3ಕ್ಕೆ ಇಡ್ಬೇಕು. ಮತ್ತೆ ಕಾರ್ಬನ್ ವಾಸನೆ ಹೀರ್ಕೊಂಡು ಹೀರ್ಕೊಂಡು ಒಂದಿನ ತುಂಬ್ಕೊಂಡು ನಿಂತ್ಹೋಗುತ್ತೆ, ತೊಳೆದ್ರೆ ಏರ್ ಹೊಡ್ಸಿದ್ರೆ ವಾಪಸ್ ಬರಲ್ಲ. ನಮ್ದು ನಾಲ್ಕು ತಿಂಗ್ಳಿಗೆ ಬೆಲ್ಲ ಕಾಯಿಸೋ ವಾಸನೆ ಮತ್ತೆ ಶುರು. ನಂಗೇನು ಆ ವಾಸನೆ ಬೇಜಾರಿಲ್ಲ, ಮನೆಯೋಳಿಗೆ ತಲೆನೋವು.

ಕೊನೆಗೆ ಹಳೇ ಫಿಲ್ಟರ್ ಕವರಲ್ಲಿ ಹಾಕ್ಕೊಂಡು ನೂರಡಿ ರೋಡ್ ಕಡೆ ಒಂದು ಸ್ಪೇರ್ಸ್ ಅಂಗಡಿಗೆ ಹೋದೆ. "ಕಂಪನಿದೇ ಐತೆ ಸಾ, ಎಮ್ಮಾರ್ಪಿಲಿ ಸ್ವಲ್ಪ ಬುಡ್ತೀನಿ" ಅಂದ, 330ಕ್ಕೆ ಬಂತು. ಬರೀ ಬಿಳೀದು, ಕಾರ್ಬನ್ ಇಲ್ಲ. ಆದ್ರೆ ತಳ್ಳಿದ ತಕ್ಷಣ ಟಕ್ ಅಂತ ಕೂತ್ಕೊಳ್ತು, ತಿಂಗಳಾದ್ಮೇಲೆ ಬಿಳಿ ಬಟ್ಟೇಲಿ ಒರೆಸಿದ್ರೂ ಕೆಂಪು ಬರ್ಲಿಲ್ಲ. ನನ್ನ ಕೇಳಿದ್ರೆ ಇದೇ, ಮನೇಲಿ ವಾಸನೆ ಆಗದೇ ಇರೋರಿದ್ರೆ ಕಾರ್ಬನ್. ಹಾಕೋವಾಗ ಪಕ್ಕದಲ್ಲಿರೋ ಬಾಣದ ಗುರುತು ನೋಡ್ಕೊಳಿ, ಗಾಳಿ ಹೋಗೋ ಕಡೆಗೆ ಇರ್ಬೇಕು, ನಾನು ಒಂದ್ಸಲ ಉಲ್ಟಾ ಹಾಕಿದ್ದೆ.

ಆ 299ರ ಜೋಡೀಲಿ ಇನ್ನೊಂದು ಡಿಕ್ಕೀಲೇ ಬಿದ್ದಿದೆ, ಅದಕ್ಕೆ ಇಲೀನೂ ಬಾಯಿ ಹಾಕಿಲ್ಲ.